ಹ್ಯಾರಿ ಫರ್ಗುಸನ್: ಮೇಳಿ ಹಿಡಿದ ಕೈಯ ಕೆಲಸವನ್ನು ಸ್ಪ್ರಿಂಗಿಗೆ ಕಲಿಸಿದ ಹಠಮಾರಿ

ಬಾಡಿಗೆ ಟ್ರ್ಯಾಕ್ಟರ್ ಹೊಲ ಉತ್ತು ಹೋದ ಮೇಲೆ ನಮ್ಮ ಕಡೆ ಕೆಲವು ಹಿರಿಯರು ಒಂದು ಕೆಲಸ ಮಾಡ್ತಾರೆ. ಬಗ್ಗಿ, ಸಾಲಿನೊಳಗೆ ಕೈ ಇಳಿಸಿ, ಗೇಣಿನಲ್ಲಿ ಆಳ ನೋಡ್ತಾರೆ. ಒಂದು ಕಡೆ ಮುಕ್ಕಾಲು ಗೇಣು ಹೋಗಿರುತ್ತೆ, ಇನ್ನೊಂದು ಕಡೆ ಬರೀ ನಾಲ್ಕು ಬೆರಳು. ಡ್ರೈವರನ್ನು ಬೈದುಕೊಳ್ಳುತ್ತಾ ಮನೆಗೆ ಬರ್ತಾರೆ. ಎತ್ತಿನ ಬೇಸಾಯದಲ್ಲಿ ಈ ಲೆಕ್ಕ ಬೇರೆ ಥರ ಇತ್ತು. ಮೇಳಿ ಹಿಡಿದವನ ಅಂಗೈಗೆ ಮಣ್ಣಿನ ಬಿಗಿ ನೇರವಾಗಿ ತಾಕುತ್ತಿತ್ತು. ನೆಲ ಗಟ್ಟಿಯಾದರೆ ಎತ್ತುಗಳ ಉಸಿರು ಬದಲಾಗುತ್ತಿತ್ತು, ಕೈ ಯೋಚನೆಯನ್ನೇ ಮಾಡದೆ ತನ್ನ ಹಿಡಿತ ಬದಲಿಸುತ್ತಿತ್ತು.

ಆ ಅಂಗೈಯ ಕೆಲಸವನ್ನು ಕಬ್ಬಿಣದ ಒಂದು ಸ್ಪ್ರಿಂಗಿಗೂ ಎಣ್ಣೆಯ ಒಂದು ಕವಾಟಕ್ಕೂ ಕಲಿಸಿದ ಮನುಷ್ಯ ಹ್ಯಾರಿ ಫರ್ಗುಸನ್. ನಮ್ಮ ಹಳ್ಳಿಗಳಲ್ಲಿ ಓಡಾಡುವ ಕೆಂಪು ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಈತನ ಹೆಸರಿದೆ. ಬಣ್ಣ ಕೆಂಪಲ್ಲದಿದ್ದರೂ ಸರಿ, ಮಹೀಂದ್ರ ಆಗಲಿ ಸ್ವರಾಜ್ ಆಗಲಿ ಜಾನ್ ಡಿಯರ್ ಆಗಲಿ, ಹಿಂದೆ ಕಲ್ಟಿವೇಟರ್ ಸಿಕ್ಕಿಸುವ ಆ ಮೂರು ಕೊಂಡಿಗಳು ಈತನ ಗುಂಪು ರೂಪಿಸಿದ ವ್ಯವಸ್ಥೆಯ ಸಂತಾನವೇ. ಇವತ್ತು ಸೆನ್ಸರ್, ಉಪಗ್ರಹ, ಎಐ ಅಂತ ಮಾತಾಡುವಾಗ ಯಂತ್ರವೊಂದು ಮಣ್ಣನ್ನು ತಾನೇ ಅರಿತು ತಾನೇ ಸರಿಪಡಿಸಿಕೊಳ್ಳೋದು ಹೊಸ ಸಂಗತಿ ಅನ್ನಿಸುತ್ತೆ. ಆದರೆ ಅದು ನೂರು ವರ್ಷ ಹಳೆಯದು. ಆ ಅರಿವಿನ ಒಡೆಯ ಯಾರು ಎಂಬ ಜಗಳವೂ ಹಳೆಯದೇ, ಮತ್ತು ಆ ಜಗಳದಲ್ಲಿ ಫರ್ಗುಸನ್ ಪೂರ್ತಿ ನಾಯಕನೂ ಅಲ್ಲ, ಪೂರ್ತಿ ಖಳನೂ ಅಲ್ಲ.

ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಉತ್ತರದ ಡೌನ್ ಕೌಂಟಿಯಲ್ಲಿ, ಡ್ರೊಮೋರ್ ಪಟ್ಟಣದ ಹತ್ತಿರದ ಗ್ರೋವೆಲ್ ಎಂಬಲ್ಲಿ. ರೈತನ ಮನೆ, ಹನ್ನೊಂದು ಮಕ್ಕಳು. ಅಪ್ಪ ಕ್ರೈಸ್ತರಲ್ಲೇ ಬಹಳ ಕಟ್ಟುನಿಟ್ಟಿನ ಪ್ಲಿಮತ್ ಬ್ರದರೆನ್ ಪಂಗಡದವರು. ಹುಡುಗ ಹದಿನಾಲ್ಕಕ್ಕೇ ಶಾಲೆ ಬಿಟ್ಟ, ಹೊಲದ ಕೆಲಸಕ್ಕೆ ನಿಂತ, ಅದು ಅವನಿಗೆ ಒಗ್ಗಲಿಲ್ಲ. ಅಪ್ಪನ ದೇವರೂ ಒಗ್ಗಲಿಲ್ಲ. ದೇವರಿದ್ದಾನೋ ಇಲ್ಲವೋ ಹೇಳಲಾಗದು ಎನ್ನುವ ಅಜ್ಞೇಯವಾದಿಯಾಗಿಯೇ ಮುಂದೆ ಬದುಕಿದ. ಕೆನಡಾಕ್ಕೆ ವಲಸೆ ಹೋಗುವ ಯೋಚನೆಯಲ್ಲಿದ್ದಾಗ, 1902ರಲ್ಲಿ, ಅಣ್ಣ ಜೋ ಬೆಲ್‌ಫಾಸ್ಟಿನ ತನ್ನ ಕಾರು, ಸೈಕಲ್ ರಿಪೇರಿ ಅಂಗಡಿಗೆ ಕರೆದುಕೊಂಡ. ಬೇಸಾಯದಿಂದ ಓಡಿಹೋಗಲು ಹೊರಟವನೇ ಬೇಸಾಯದ ಚಹರೆ ಬದಲಿಸಿದ ಅನ್ನೋದು ಅವನ ಬದುಕಿನ ಒಂದು ತಮಾಷೆ.

ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್ ಎಂಬ ಹೆಸರು ಬೇಗ ಬಂತು. ಅಲ್ಲಿಂದ ಮೋಟಾರ್ ಸೈಕಲ್ ರೇಸು, ಅಲ್ಲಿಂದ ವಿಮಾನ. ತಾನೇ ಕಟ್ಟಿದ ವಿಮಾನದಲ್ಲಿ 1909ರ ಡಿಸೆಂಬರ್ 31ರಂದು, ಹಿಲ್ಸ್‌ಬರೋದಲ್ಲಿ, ಗಾಳಿಯ ಹೊಡೆತದ ನಡುವೆ ಸುಮಾರು 130 ಗಜ ಹಾರಿದ. ಐರ್ಲೆಂಡಿನಲ್ಲಿ ವಿಮಾನ ಹಾರಿಸಿದ ಮೊದಲಿಗ ಎಂಬ ದಾಖಲೆ ಅವನದು. ಮರುವರ್ಷ ಮೂರು ಮೈಲಿ ಹಾರಾಟಕ್ಕೆ ನೂರು ಪೌಂಡ್ ಬಹುಮಾನ ಗೆದ್ದ. 1911ರಲ್ಲಿ ಸ್ವಂತ ಮೋಟಾರು ವ್ಯಾಪಾರ ಶುರುವಾಯ್ತು, 1913ರಲ್ಲಿ ಮೌರೀನ್ ವಾಟ್ಸನ್ ಜೊತೆ ಮದುವೆ.

ಇನ್ನು ಅವನ ರಾಜಕೀಯ. ಇದನ್ನು ಮುಚ್ಚಿಟ್ಟು ಮುಂದೆ ಹೋಗೋದು ಸರಿಯಲ್ಲ. ಐರ್ಲೆಂಡಿಗೆ ಸ್ವಯಮಾಡಳಿತ, ಅಂದರೆ ಹೋಂ ರೂಲ್ ಕೊಡುವ ಮಾತು ನಡೆದಿದ್ದ ಕಾಲ ಅದು. ಮುಂದೆ 1916ರಲ್ಲಿ ಆನಿ ಬೆಸೆಂಟ್ ನಮ್ಮಲ್ಲಿ ಕಟ್ಟಿದ ಹೋಂ ರೂಲ್ ಲೀಗ್ ಆ ಹೆಸರನ್ನು ತಂದದ್ದೇ ಅಲ್ಲಿಂದ. ಫರ್ಗುಸನ್ ನಿಂತದ್ದು ಎದುರು ಪಾಳಯದಲ್ಲಿ. ಬ್ರಿಟನ್ನಿನ ಜೊತೆಗೇ ಉಳಿಯಬೇಕೆಂದು ಹಟ ಹಿಡಿದಿದ್ದ ಅಲ್‌ಸ್ಟರ್ ವಾಲಂಟಿಯರ್ ಪಡೆ 1914ರ ಏಪ್ರಿಲ್‌ನಲ್ಲಿ ಲಾರ್ನ್ ಬಂದರಿನಲ್ಲಿ ಸಾವಿರಾರು ಬಂದೂಕುಗಳನ್ನು ಕಳ್ಳತನದಿಂದ ಇಳಿಸಿತು. ಅದರಲ್ಲಿ ಈತನ ಕೈಯೂ ಇತ್ತು. ವಸಾಹತಿನಲ್ಲಿ ಬದುಕಿದ ಜನರ ಮಕ್ಕಳಾದ ನಮಗೆ ಈ ರಾಜಕೀಯ ಹಿಡಿಸೋದು ಕಷ್ಟ. ನನಗಂತೂ ಹಿಡಿಸಲ್ಲ.

1917ಕ್ಕೆ ಬನ್ನಿ. ಮೊದಲ ಮಹಾಯುದ್ಧ. ಜರ್ಮನ್ ಸಬ್‌ಮರೀನುಗಳು ಹಡಗು ಮುಳುಗಿಸುತ್ತಿವೆ, ಬ್ರಿಟನ್ನಿಗೆ ಧಾನ್ಯದ ಚಿಂತೆ. ಹೆಚ್ಚು ನೆಲ ಉಳಿಸಬೇಕು, ಟ್ರ್ಯಾಕ್ಟರ್ ಓಡಿಸಬೇಕು. ಐರ್ಲೆಂಡಿನ ಕೃಷಿ ಮಂಡಳಿ ಫರ್ಗುಸನ್‌ಗೆ ಹೇಳಿದ್ದು, ದೇಶದಲ್ಲಿರುವ ಟ್ರ್ಯಾಕ್ಟರುಗಳ ಕೆಲಸ ನೋಡಿ ಸುಧಾರಿಸು ಅಂತ. ಜೊತೆಗೆ ಹೊರಟವನು ವಿಲಿಯಂ ಸ್ಯಾಂಡ್ಸ್, ಅವನ ಅಂಗಡಿಯ ಮೆಕ್ಯಾನಿಕ್. ಈ ಸ್ಯಾಂಡ್ಸ್ ಹೆಸರನ್ನು ನೆನಪಿಟ್ಟುಕೊಳ್ಳಿ.

ಊರೂರು ಸುತ್ತಿದಾಗ ಇಬ್ಬರಿಗೂ ಕಂಡದ್ದು ಒಂದೇ. ಕುದುರೆ ಬಿಚ್ಚಿ ಆ ಜಾಗಕ್ಕೆ ಇಂಜಿನ್ ಕಟ್ಟಿದ್ದಾರೆ, ಅಷ್ಟೇ. ಹಿಂದೆ ನೇಗಿಲು ಸರಪಳಿಯಲ್ಲಿ ಗಾಡಿಯ ಹಾಗೆ ಎಳೆಸಿಕೊಂಡು ಬರುತ್ತೆ. ಟ್ರ್ಯಾಕ್ಟರಿಗೆ ನೇಗಿಲ ಸುದ್ದಿ ಗೊತ್ತಿಲ್ಲ, ನೇಗಿಲಿಗೆ ಟ್ರ್ಯಾಕ್ಟರ್ ಸುದ್ದಿ ಗೊತ್ತಿಲ್ಲ. ಚಕ್ರ ಜಾರದೆ ನೆಲ ಕಚ್ಚಬೇಕಾದರೆ ಟ್ರ್ಯಾಕ್ಟರ್ ಭಾರ ಇರಬೇಕು, ಭಾರ ಇದ್ದರೆ ಬೆಲೆ ಜಾಸ್ತಿ, ಮಣ್ಣೂ ಅದುಮಿ ಹೋಗುತ್ತೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಗುಳಕ್ಕೆ ಬಂಡೆ ಸಿಕ್ಕರೆ ನೇಗಿಲು ನಿಂತುಬಿಡುತ್ತೆ, ಹಿಂದಿನ ಚಕ್ರವೂ ಕಚ್ಚಿ ನಿಲ್ಲುತ್ತೆ, ಇಂಜಿನ್ ಮಾತ್ರ ತಿರುಗುತ್ತಲೇ ಇರುತ್ತೆ. ಆಗ ಚಕ್ರದ ಬದಲು ಟ್ರ್ಯಾಕ್ಟರೇ ಅಚ್ಚಿನ ಸುತ್ತ ತಿರುಗಲು ಹೊರಡುತ್ತೆ: ಮೂತಿ ಮೇಲೇಳುತ್ತೆ, ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಮಗುಚಿ ಡ್ರೈವರ್ ಮೇಲೆ ಬೀಳುತ್ತೆ. ಹೆನ್ರಿ ಫೋರ್ಡ್ ಲಕ್ಷಗಟ್ಟಲೆ ಮಾಡಿ ಮಾರಿದ ಹಗುರದ, ಅಗ್ಗದ ಫೋರ್ಡ್‌ಸನ್ ಟ್ರ್ಯಾಕ್ಟರ್ ಇದಕ್ಕೇ ಕುಖ್ಯಾತವಾಗಿತ್ತು. ಜನ ಸತ್ತರು.

ಮುಂದಿನ ಹತ್ತಿಪ್ಪತ್ತು ವರ್ಷ ಫರ್ಗುಸನ್, ಸ್ಯಾಂಡ್ಸ್, ಆರ್ಚಿ ಗ್ರೀರ್ ಎಂಬ ಇನ್ನೊಬ್ಬ ಕೆಲಸಗಾರ ಸೇರಿ ಬಿಡಿಸಿದ್ದು ಈ ಒಂದೇ ಗಂಟನ್ನು. ಹೇಗೆ ಬಿಡಿಸಿದರು ಅನ್ನೋದನ್ನು ಸ್ವಲ್ಪ ನಿಧಾನಕ್ಕೆ ನೋಡೋಣ. ರಾಜಕೀಯ ಇರೋದೂ ಇದರೊಳಗೇ.

ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿ. ಕೆಳಗೆ ಎರಡು ತೋಳು, ನಡುವೆ ಮೇಲೆ ಒಂದು, ಅದನ್ನೇ ಡ್ರೈವರುಗಳು ಟಾಪ್ ಲಿಂಕ್ ಅನ್ನೋದು. ನೇಗಿಲು ಈ ಮೂರಕ್ಕೂ ಸಿಕ್ಕಿಕೊಂಡು ಟ್ರ್ಯಾಕ್ಟರಿನ ಅಂಗವೇ ಆಗಿಬಿಡುತ್ತೆ. ಕೆಳಗಿನ ಎರಡು ತೋಳು ಎಳೆಯುತ್ತವೆ. ಮಣ್ಣು ಗುಳವನ್ನು ಹಿಂದಕ್ಕೆ ತಡೆಯುತ್ತೆ. ಹಾಗಾಗಿ ನೇಗಿಲು ಕೆಳಗಿನ ಕೊಂಡಿಗಳ ಸುತ್ತ ಮುಂದಕ್ಕೆ ಮುಗ್ಗರಿಸಲು ನೋಡುತ್ತೆ, ಕಲ್ಲು ಎಡವಿದ ಮನುಷ್ಯನ ಕಾಲು ಹಿಂದೆ ಉಳಿದು ತಲೆ ಮುಂದೆ ಹೋಗುವ ಹಾಗೆ. ಆ ಮುಗ್ಗರಿಕೆ ಟಾಪ್ ಲಿಂಕನ್ನು ಟ್ರ್ಯಾಕ್ಟರಿನ ಕಡೆಗೆ ಒತ್ತುತ್ತೆ. ಮಣ್ಣು ಎಷ್ಟು ಬಿಗಿಯೋ ಒತ್ತಡ ಅಷ್ಟು. ಅಂದ್ರೆ ಮಣ್ಣಿನ ಬಿಗಿಯನ್ನು ಅಳೆಯಲು ಬೇರೆ ಉಪಕರಣ ಬೇಕಿಲ್ಲ, ಅಳತೆ ಅಲ್ಲೇ ಇದೆ. ಟಾಪ್ ಲಿಂಕಿನ ತುದಿಗೆ ಒಂದು ದಪ್ಪ ಸ್ಪ್ರಿಂಗ್ ಇಟ್ಟರು. ಸ್ಪ್ರಿಂಗ್ ಎಷ್ಟು ಕುಗ್ಗಿತು ಅನ್ನೋದು ಒಂದು ಸಣ್ಣ ಕಡ್ಡಿಯ ಮೂಲಕ ಹೈಡ್ರಾಲಿಕ್ ಪಂಪಿನ ಕವಾಟಕ್ಕೆ ತಲುಪುತ್ತೆ. ಮಣ್ಣು ಗಟ್ಟಿಯಾಯ್ತಾ? ಸ್ಪ್ರಿಂಗ್ ಹೆಚ್ಚು ಕುಗ್ಗುತ್ತೆ, ಕವಾಟ ತೆರೆದು ಎಣ್ಣೆ ನುಗ್ಗಿ ತೋಳುಗಳು ನೇಗಿಲನ್ನು ಚೂರು ಮೇಲೆತ್ತುತ್ತವೆ. ಬಿಗಿ ಇಳಿಯಿತಾ? ಸ್ಪ್ರಿಂಗ್ ಹಿಗ್ಗುತ್ತೆ, ಎಣ್ಣೆ ಹೊರಬಿದ್ದು ನೇಗಿಲು ಮತ್ತೆ ಇಳಿಯುತ್ತೆ. ಎಷ್ಟು ಬಿಗಿಗೆ ಎತ್ತಬೇಕು ಅನ್ನೋದನ್ನು ಡ್ರೈವರ್ ಒಂದು ಲಿವರಿನಲ್ಲಿ ಹೇಳಿಟ್ಟರೆ ಸಾಕು, ಉಳಿದದ್ದು ತಾನಾಗಿ ನಡೆಯುತ್ತೆ.

ಇಂದಿನ ಭಾಷೆಯಲ್ಲಿ ಹೇಳಿದರೆ ಸೆನ್ಸರ್, ಕಂಟ್ರೋಲರ್, ಫೀಡ್‌ಬ್ಯಾಕ್ ಮೂರೂ ಇವೆ. ಒಂದು ತಂತಿ ಇಲ್ಲ, ಒಂದು ಚಿಪ್ ಇಲ್ಲ. 1925ರಲ್ಲಿ ಬ್ರಿಟನ್ನಿನಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಯ ಹೆಸರಿನಲ್ಲೇ ಉಪಕರಣವನ್ನು ಟ್ರ್ಯಾಕ್ಟರಿಗೆ ಜೋಡಿಸುವುದೂ, ಕೆಲಸದ ಆಳವನ್ನು ಸ್ವಯಂಚಾಲಿತವಾಗಿ ಹದದಲ್ಲಿಡುವುದೂ ಸೇರಿತ್ತು.

ಇದರಿಂದ ಎರಡು ಲಾಭ ಬಂದವು. ಮಣ್ಣು ನೇಗಿಲನ್ನು ಕೆಳಕ್ಕೆ ಎಳೆಯುವ ಬಲವನ್ನು ತೋಳುಗಳು ಹೊತ್ತು ಹಿಂದಿನ ಚಕ್ರಗಳ ಮೇಲೆ ಹಾಕುತ್ತವೆ, ಹಾಗಾಗಿ ಒಂದು ಟನ್ ಚಿಲ್ಲರೆ ತೂಕದ ಟ್ರ್ಯಾಕ್ಟರ್ ತನಗಿಂತ ಎಷ್ಟೋ ಭಾರದ ಟ್ರ್ಯಾಕ್ಟರ್ ಮಾಡುವ ಕೆಲಸ ಮಾಡುತ್ತೆ. ಬೆಲೆ ಇಳಿಯಿತು. ಎರಡನೆಯದು, ಬಂಡೆ ಸಿಕ್ಕಾಗ ಟಾಪ್ ಲಿಂಕಿನ ಒತ್ತಡ ಟ್ರ್ಯಾಕ್ಟರಿನ ಮೂತಿಯನ್ನು ಮೇಲೇಳಲು ಬಿಡದೆ ಕೆಳಕ್ಕೆ ಅದುಮುತ್ತೆ. ಚಕ್ರ ಅಲ್ಲೇ ಜಾರಿ ಸುಮ್ಮನೆ ತಿರುಗುತ್ತೆ. ಡ್ರೈವರ್ ಬದುಕುತ್ತಾನೆ.

ಒಂದು ಮಿತಿಯನ್ನೂ ಹೇಳಿಬಿಡಬೇಕು, ಕಂಪನಿಯ ಜಾಹೀರಾತು ಹೇಳಲ್ಲ. ಈ ಸ್ಪ್ರಿಂಗಿಗೆ ಗೊತ್ತಾಗೋದು ಬಿಗಿ, ಆಳ ಅಲ್ಲ. ಒಂದೇ ಹೊಲದಲ್ಲಿ ಅರ್ಧ ಎರೆ, ಅರ್ಧ ಗರಸು ಇದ್ದರೆ ಎರಡೂ ಕಡೆ ಒಂದೇ ಬಿಗಿ ಹಿಡಿಯಲು ಹೋಗಿ ಮೆದು ಜಾಗದಲ್ಲಿ ಆಳಕ್ಕಿಳಿಯುತ್ತೆ, ಗಟ್ಟಿ ಜಾಗದಲ್ಲಿ ಮೇಲೇಳುತ್ತೆ. ಅದಕ್ಕೇ ತೋಳನ್ನು ಒಂದೇ ಎತ್ತರದಲ್ಲಿ ನಿಲ್ಲಿಸುವ ಪೊಸಿಷನ್ ಕಂಟ್ರೋಲ್ ಎಂಬ ಎರಡನೆಯ ವ್ಯವಸ್ಥೆ ಆಮೇಲೆ ಸೇರಿಕೊಂಡಿತು. ಯಂತ್ರ ಏನನ್ನು ಅಳೆಯುತ್ತೆ, ಏನನ್ನು ಅಳೆಯಲ್ಲ ಅಂತ ಕೇಳೋದು ಈಗಿನ ಆಲ್ಗರಿದಮ್ಮುಗಳಿಗಷ್ಟೇ ಸಂಬಂಧಿಸಿದ ಪ್ರಶ್ನೆ ಅಂದುಕೊಂಡಿದ್ದರೆ, ಅಲ್ಲ.

ಇದೆಲ್ಲ ಯಾರ ತಲೆಯಿಂದ ಬಂತು? ಲೋಹ ಕೊರೆದು, ಜೋಡಿಸಿ, ಮುರಿದು, ಮತ್ತೆ ಜೋಡಿಸಿದ್ದು ಬಹುಪಾಲು ಸ್ಯಾಂಡ್ಸ್ ಮತ್ತು ಗ್ರೀರ್. ಏನು ಬೇಕು ಅನ್ನೋದನ್ನು ಪಟ್ಟುಬಿಡದೆ ಕೇಳಿದವನು, ಹಣ ಹೊಂದಿಸಿದವನು, ಮಾರಿದವನು ಫರ್ಗುಸನ್. ವ್ಯವಸ್ಥೆಗೆ ಹೆಸರು ಬಂದದ್ದು ಫರ್ಗುಸನ್ ಸಿಸ್ಟಮ್ ಎಂದು. ಕೂಲಿಯವನ ಬುದ್ಧಿ ಧಣಿಯ ಹೆಸರಲ್ಲಿ ದಾಖಲಾಗೋದು ನಮಗೇನೂ ಹೊಸದಲ್ಲ. ಫರ್ಗುಸನ್ ಒಬ್ಬನೇ ಕೂತು ಇದನ್ನು ಕಂಡುಹಿಡಿದ ಎಂಬ ಕಥೆಯನ್ನು ನಾವೂ ಮುಂದುವರಿಸೋದು ಬೇಡ.

ಮಾರುವ ಕೆಲಸ ಸುಲಭ ಇರಲಿಲ್ಲ. ಫೋರ್ಡ್ ಮೊದಲೇ, 1920ರ ಸುಮಾರಿಗೆ, ಈತನ ನೇಗಿಲು ನೋಡಿ ಕೆಲಸ ಕೊಡಲು, ಆಮೇಲೆ ಪೇಟೆಂಟನ್ನೇ ಕೊಳ್ಳಲು ಮುಂದಾಗಿದ್ದ. ಈತ ಒಪ್ಪಲಿಲ್ಲ. 1933ರಲ್ಲಿ ಕಪ್ಪು ಬಣ್ಣದ ಒಂದು ಮಾದರಿ ಟ್ರ್ಯಾಕ್ಟರನ್ನು ತಾನೇ ಕಟ್ಟಿಸಿದ. 1936ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಡೇವಿಡ್ ಬ್ರೌನ್ ಕಂಪನಿ ಅದನ್ನು ತಯಾರಿಸಲು ಶುರು ಮಾಡಿತು. ಹೊರಬಂದದ್ದು ಒಂದೂವರೆ ಸಾವಿರಕ್ಕೂ ಕಡಿಮೆ. ರೈತರು ಹಿಂಜರಿದದ್ದಕ್ಕೆ ಕಾರಣ ಇತ್ತು: ಈ ಟ್ರ್ಯಾಕ್ಟರಿಗೆ ಮನೆಯಲ್ಲಿದ್ದ ಹಳೆ ನೇಗಿಲು, ಕುಂಟೆ ಹೊಂದುತ್ತಿರಲಿಲ್ಲ, ಇದರ ಉಪಕರಣಗಳನ್ನೇ ಹೊಸದಾಗಿ ಕೊಳ್ಳಬೇಕಿತ್ತು. ಬ್ರೌನ್ ವಿನ್ಯಾಸ ಬದಲಿಸೋಣ ಅಂದ, ದೊಡ್ಡದು ಮಾಡೋಣ ಅಂದ. ಫರ್ಗುಸನ್ ಒಂದು ಬೋಲ್ಟನ್ನೂ ಬದಲಿಸಲು ಬಿಡುವ ಜನ ಅಲ್ಲ. ಇಬ್ಬರೂ ಬೇರೆಯಾದರು.

1938ರ ಅಕ್ಟೋಬರ್. ಅಮೆರಿಕದ ಡಿಯರ್‌ಬಾರ್ನಿನಲ್ಲಿ ಹೆನ್ರಿ ಫೋರ್ಡನ ಎಸ್ಟೇಟು. ಹೊಲದಲ್ಲಿ ಈತನ ಟ್ರ್ಯಾಕ್ಟರ್ ಉತ್ತು ತೋರಿಸಿತು. ಮನೆಯಿಂದ ಒಂದು ಮೇಜು, ಎರಡು ಕುರ್ಚಿ ಹೊಲಕ್ಕೇ ತರಿಸಿ ಇಬ್ಬರೂ ಕೂತರು. ಮೇಜಿನ ಮೇಲೆ ಕೀಲಿ ಕೊಟ್ಟರೆ ಓಡುವ ಆಟಿಕೆ ಟ್ರ್ಯಾಕ್ಟರ್ ಇಟ್ಟು ಫರ್ಗುಸನ್ ತನ್ನ ತತ್ವ ವಿವರಿಸಿದ. ಎದ್ದಾಗ ಒಪ್ಪಂದ ಆಗಿತ್ತು. ವಿನ್ಯಾಸ ಮತ್ತು ಮಾರಾಟ ಫರ್ಗುಸನ್ನಿನದು, ತಯಾರಿ ಫೋರ್ಡನದು, ಯಾರು ಬೇಕಾದರೂ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ಒಂದು ಕಾಗದ ಬರೆದುಕೊಳ್ಳಲಿಲ್ಲ, ಕೈ ಕುಲುಕಿದರು, ಮುಗೀತು. ಲಾಯರುಗಳ ಕೈಗೆ ಸಿಗದ ಹಾಗೆ ಇಬ್ಬರು ಹಟಮಾರಿ ಮುದುಕರು ಮಾಡಿಕೊಂಡ ಈ ಒಪ್ಪಂದವೇ ಮುಂದೆ ಲಾಯರುಗಳಿಗೆ ವರ್ಷಗಟ್ಟಲೆ ಕೆಲಸ ಕೊಟ್ಟಿತು.

1939ರ ಜೂನ್‌ನಲ್ಲಿ ಬಂದ ಫೋರ್ಡ್-ಫರ್ಗುಸನ್ 9ಎನ್ ಟ್ರ್ಯಾಕ್ಟರಿನ ಬೆಲೆ 585 ಡಾಲರ್. ಯುದ್ಧಕಾಲದ ಅದರ ರೂಪಾಂತರ 2ಎನ್ ಸೇರಿದರೆ ಮೂರು ಲಕ್ಷಕ್ಕೂ ಹೆಚ್ಚು ತಯಾರಾದವು.

ಈ ದಿನಗಳಲ್ಲಿ ಫರ್ಗುಸನ್ನಿಗೆ ಒಂದು ಸಿದ್ಧಾಂತದ ಹುಚ್ಚು ಹಿಡಿದಿತ್ತು. ಆಹಾರದ ಬೆಲೆಯೇ ಎಲ್ಲ ಬೆಲೆಗಳ ಬೇರು, ಆಹಾರ ಅಗ್ಗವಾದರೆ ಬಡತನವೂ ಹೋಗುತ್ತೆ, ಯುದ್ಧವೂ ನಿಲ್ಲುತ್ತೆ, ಕಮ್ಯುನಿಸಮ್ಮಿಗೂ ಜಾಗ ಇರಲ್ಲ ಅನ್ನೋದು ಅವನ ನಂಬಿಕೆ. ಸಣ್ಣ ಹಿಡುವಳಿಯಲ್ಲಿ ನೆಲದ ಒಂದು ಪಾಲು ಕುದುರೆಯ ಹೊಟ್ಟೆಗೇ ಹೋಗುತ್ತೆ, ಅದರ ಜಾಗಕ್ಕೆ ಹಗುರ ಟ್ರ್ಯಾಕ್ಟರ್ ಬಂದರೆ ಆ ಪಾಲು ಮನುಷ್ಯನಿಗೆ ಉಳಿಯುತ್ತೆ ಅಂತ ಸಿಕ್ಕವರಿಗೆಲ್ಲ ಭಾಷಣ ಮಾಡುತ್ತಿದ್ದ. ಅರ್ಧ ನಿಜ. ಅಮೆರಿಕದಲ್ಲಿ 1920ರಲ್ಲಿ ಸುಮಾರು ಎರಡೂವರೆ ಕೋಟಿ ಕುದುರೆ, ಹೇಸರಗತ್ತೆಗಳಿದ್ದವು, 1960ಕ್ಕೆ ಸುಮಾರು 30 ಲಕ್ಷಕ್ಕಿಳಿದವು. ಮೇವಿನ ನೆಲ ಬಿಡುಗಡೆ ಆದದ್ದು ಹೌದು. ಆದರೆ ಕುದುರೆಯ ಹಿಂದೆ ನಡೆಯುತ್ತಿದ್ದ ಕೂಲಿಯವನೂ ಹೊಲ ಬಿಟ್ಟ. ದಕ್ಷಿಣ ಅಮೆರಿಕ ಅಲ್ಲ, ಸಂಯುಕ್ತ ಸಂಸ್ಥಾನದ ದಕ್ಷಿಣದ ರಾಜ್ಯಗಳಲ್ಲಿ, ಪಾಲಿಗೆ ಉಳುತ್ತಿದ್ದ ಕಪ್ಪು ಕುಟುಂಬಗಳು ಟ್ರ್ಯಾಕ್ಟರ್ ಬಂದಂತೆಲ್ಲ ಒಕ್ಕಲೆದ್ದವು. ಉಳಿದ ಪಾಲು ಯಾರಿಗೆ ಸೇರಬೇಕು ಎಂಬ ಲೆಕ್ಕ ಫರ್ಗುಸನ್ನಿನ ಸಿದ್ಧಾಂತದಲ್ಲಿ ಎಲ್ಲೂ ಇಲ್ಲ.

ಆದರೆ ರೈತನ ಕೈಗೆ ಯಂತ್ರ ಬಿಡುವ ವಿಷಯದಲ್ಲಿ ಅವನು ಉದಾರಿ. ಟ್ರ್ಯಾಕ್ಟರ್ ಜೊತೆ ಒಂದು ಸ್ಪ್ಯಾನರ್ ಕೊಡುತ್ತಿದ್ದ. ಎರಡು ತುದಿಗೆ ಎರಡು ಅಳತೆ, ಹೊಲದಲ್ಲಿ ಬೇಕಾದ ಬಹುತೇಕ ನಟ್ಟುಗಳಿಗೆ ಅದೇ ಸಾಕು. ಅದರ ಮೈಮೇಲೆ ಇಂಚಿನ ಗುರುತು ಹಾಕಿ ಅದನ್ನೇ ಅಳತೆಪಟ್ಟಿ ಮಾಡಿದ್ದ, ಉಪಕರಣದ ಅಗಲ, ಅಂತರ ಸರಿ ಮಾಡಿಕೊಳ್ಳಲಿ ಅಂತ. ಯಂತ್ರದ ಗುಟ್ಟನ್ನು ಕಂಪನಿಗಳಿಂದ ಪೇಟೆಂಟಿನಲ್ಲಿ ಕಾದ, ರೈತನಿಂದ ಕಾಯಲಿಲ್ಲ.

1947ರ ಏಪ್ರಿಲ್‌ನಲ್ಲಿ ಹಳೆಯ ಫೋರ್ಡ್ ತೀರಿಕೊಂಡ. ಅಧಿಕಾರ ಆಗಲೇ ಮೊಮ್ಮಗ ಎರಡನೇ ಹೆನ್ರಿ ಫೋರ್ಡ್ ಕೈಗೆ ಬಂದಿತ್ತು. ಟ್ರ್ಯಾಕ್ಟರಿನಲ್ಲಿ ಕಂಪನಿಗೆ ನಷ್ಟ ಅಂತ ಹೇಳಿ ಅವನು ಅಜ್ಜನ ಕೈಕುಲುಕಿನ ಒಪ್ಪಂದವನ್ನು ಮುಗಿಸಿದ. ಅದೇ ವರ್ಷ 8ಎನ್ ಎಂಬ ಹೊಸ ಟ್ರ್ಯಾಕ್ಟರ್ ಬಂತು. ಹಿಂದೆ ನೋಡಿದರೆ ಅದೇ ಮೂರು ಕೊಂಡಿ, ಅದೇ ಹೈಡ್ರಾಲಿಕ್ಸ್, ಫರ್ಗುಸನ್ ಹೆಸರು ಮಾತ್ರ ಇಲ್ಲ, ಫರ್ಗುಸನ್ ಮಾರಾಟ ಜಾಲಕ್ಕೆ ಟ್ರ್ಯಾಕ್ಟರ್ ಇಲ್ಲ. 1948ರ ಜನವರಿಯಲ್ಲಿ ಈತ 25 ಕೋಟಿ 10 ಲಕ್ಷ ಡಾಲರ್ ಪರಿಹಾರಕ್ಕೆ ಕೇಸು ಹಾಕಿದ. ಪೇಟೆಂಟ್ ಕದ್ದಿದ್ದಾರೆ, ನನ್ನ ವ್ಯಾಪಾರ ಮುಗಿಸಲು ಸಂಚು ಮಾಡಿದ್ದಾರೆ ಅನ್ನೋದು ದೂರಿನ ಸಾರ. ನಾಲ್ಕು ವರ್ಷ ಎಳೆಯಿತು. 1952ರ ಏಪ್ರಿಲ್‌ನಲ್ಲಿ ರಾಜಿ: 92 ಲಕ್ಷ 50 ಸಾವಿರ ಡಾಲರ್, ಮತ್ತು ಪಂಪಿನ ಎಣ್ಣೆ ಒಳಬರುವ ಕಡೆ ಕವಾಟ ಇಡುವ ಅವನ ವಿನ್ಯಾಸವನ್ನು ಫೋರ್ಡ್ ಬಿಡಬೇಕು. ಕೇಳಿದ್ದರ ಮುಂದೆ ಇದು ಚಿಲ್ಲರೆ. ಅದಕ್ಕೆ ಒಂದು ಕಾರಣ ಅವನದೇ ಗೆಲುವು. ಸರ್ವನಾಶ ಆಯ್ತು ಅಂತ ಕೋರ್ಟಿನಲ್ಲಿ ಹೇಳಬೇಕಾದವನ ವ್ಯಾಪಾರ ಹೊರಗೆ ಜೋರಾಗಿ ಬೆಳೆದಿತ್ತು.

ಏಕೆಂದರೆ ಅಷ್ಟರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಕಾರ್ಖಾನೆಯಿಂದ ಟಿಇ20 ಎಂಬ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್ ಸಾಲುಗಟ್ಟಿ ಬರುತ್ತಿತ್ತು. 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ, ಹೌದು, ತೇನ್‌ಸಿಂಗ್ ಜೊತೆ ಎವರೆಸ್ಟ್ ಹತ್ತಿದವನೇ, ಇದೇ ಟ್ರ್ಯಾಕ್ಟರುಗಳಿಗೆ ಪಟ್ಟಿ ಸುತ್ತಿ ದಕ್ಷಿಣ ಧ್ರುವ ತಲುಪಿದ.

1953ರಲ್ಲಿ ಫರ್ಗುಸನ್ ತನ್ನ ಕಂಪನಿಯನ್ನು ಕೆನಡಾದ ಮ್ಯಾಸಿ-ಹ್ಯಾರಿಸ್‌ಗೆ ಸೇರಿಸಿದ. ಬೆಲೆಯಲ್ಲಿ ಹತ್ತು ಲಕ್ಷ ಡಾಲರಿನ ವ್ಯತ್ಯಾಸ ಬಗೆಹರಿಯದೆ ನಾಣ್ಯ ಚಿಮ್ಮಲು ತಾನೇ ಹೇಳಿ, ಸೋತ. 1 ಕೋಟಿ 60 ಲಕ್ಷ ಡಾಲರ್ ಮೌಲ್ಯದ ಷೇರಿಗೆ ಮುಗಿಯಿತು. ಹೊಸ ಕಂಪನಿಯ ಅಧ್ಯಕ್ಷನಾದ, ಜಗಳವಾಡಿ ಮರುವರ್ಷವೇ ಬಿಟ್ಟ. ಆ ಕಂಪನಿಯೇ ಮ್ಯಾಸಿ ಫರ್ಗುಸನ್. 1960ರಲ್ಲಿ ಅದರ ಸಹಯೋಗದಲ್ಲಿ ಮದ್ರಾಸಿನಲ್ಲಿ ಟಾಫೆ ಹುಟ್ಟಿತು, ನಮ್ಮ ದೊಡ್ಡಬಳ್ಳಾಪುರದಲ್ಲೂ ಅದರ ಕಾರ್ಖಾನೆ ಇದೆ. ಫರ್ಗುಸನ್ ಹೆಸರಿನ ಮೇಲಿನ ಜಗಳ ಅಲ್ಲಿಗೂ ನಿಲ್ಲಲಿಲ್ಲ. ಮ್ಯಾಸಿ ಬ್ರಾಂಡ್ ಈಗ ಅಮೆರಿಕದ ಆಗ್ಕೋ ಕಂಪನಿಯ ಕೈಯಲ್ಲಿದೆ. ಅದಕ್ಕೂ ಟಾಫೆಗೂ ಕೋರ್ಟು ಕಚೇರಿ ನಡೆದು, ಭಾರತ, ನೇಪಾಳ, ಭೂತಾನಗಳಲ್ಲಿ ಆ ಹೆಸರು ಟಾಫೆಯದೇ ಎಂದು ತೀರ್ಮಾನವಾದದ್ದು 2025ರಲ್ಲಿ.

ಟ್ರ್ಯಾಕ್ಟರ್ ಬಿಟ್ಟ ಮೇಲೆ ಈತ ಕಾರಿನ ನಾಲ್ಕೂ ಚಕ್ರಕ್ಕೆ ಬಲ ಹಂಚುವ ಯೋಚನೆಗೆ ಬಿದ್ದ. ಅದೂ ಒಂಥರಾ ಹಳೆ ಗೀಳೇ: ಚಕ್ರ ನೆಲ ಕಚ್ಚಿದೆಯೋ ಜಾರುತ್ತಿದೆಯೋ ಯಂತ್ರಕ್ಕೇ ಗೊತ್ತಾಗಬೇಕು. ಆ ಕಾರು ರೇಸ್ ಗೆದ್ದದ್ದು 1961ರಲ್ಲಿ, ನೋಡಲು ಅವನಿರಲಿಲ್ಲ. ನಿದ್ದೆ ಬಾರದ ರಾತ್ರಿಗಳು, ಖಿನ್ನತೆ ಕೊನೆಯ ವರ್ಷಗಳಲ್ಲಿ ಕಾಡಿದ್ದವು. 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ಮನೆಯ ಸ್ನಾನದ ತೊಟ್ಟಿಯಲ್ಲಿ ಶವವಾಗಿ ಸಿಕ್ಕ. ನಿದ್ದೆ ಮಾತ್ರೆ ಹೆಚ್ಚಾಗಿತ್ತು. ಬೇಕಂತಲೋ ಅಕಸ್ಮಾತ್ತೋ ಎಂದು ವಿಚಾರಣೆ ತೀರ್ಪು ಕೊಡಲಿಲ್ಲ. ಎಪ್ಪತ್ತೈದು ವರ್ಷ ಆಗಿತ್ತು.

ಅವನ ಪೇಟೆಂಟುಗಳ ಅವಧಿ ಮುಗಿದಾಗ ಆದದ್ದನ್ನು ಗಮನಿಸಬೇಕು. ಮೂರು ಕೊಂಡಿಯ ಜೋಡಣೆ ಎಲ್ಲ ಕಂಪನಿಗಳಿಗೂ ಬಂತು, ಅಂತರರಾಷ್ಟ್ರೀಯ ಮಾನದಂಡವಾಯ್ತು. ಒಂದು ಕಂಪನಿಯ ಟ್ರ್ಯಾಕ್ಟರಿಗೆ ಊರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿದ ಕುಂಟೆ ಸಿಕ್ಕಿಸಬಹುದಾಯ್ತು. ಬೀಗ ತೆಗೆದ ಮೇಲೆಯೇ ಆ ಜ್ಞಾನ ರೈತರ ಸೊತ್ತಾದದ್ದು. ಈಗ ಮತ್ತೆ ಬೀಗ ಬಿದ್ದಿದೆ. ಸ್ಪ್ರಿಂಗಿನ ಜಾಗಕ್ಕೆ ಎಲೆಕ್ಟ್ರಾನಿಕ್ ಪಿನ್ನು ಬಂದಿದೆ, ಕಡ್ಡಿಯ ಜಾಗಕ್ಕೆ ಸಾಫ್ಟ್‌ವೇರ್. ಸ್ಪ್ಯಾನರ್ ಹಿಡಿದು ನಿಂತ ಅಮೆರಿಕದ ರೈತ ಕಂಪನಿಯ ಲ್ಯಾಪ್‌ಟಾಪ್ ಬರುವ ತನಕ ಕಾಯಬೇಕು. ಹೋರಾಡಿದ ಮೇಲೆ ಕೊಲೊರಾಡೋ ರಾಜ್ಯ 2023ರಲ್ಲಿ ಕೃಷಿ ಯಂತ್ರ ರಿಪೇರಿ ಮಾಡಿಕೊಳ್ಳುವ ಹಕ್ಕಿನ ಕಾನೂನು ತಂದಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದೇ ವಿಷಯಕ್ಕೆ ಜಾನ್ ಡಿಯರ್ ಮೇಲೆ ಮೊಕದ್ದಮೆ ಹೂಡಿತು.

ನಮ್ಮಲ್ಲಿ ಸಮಸ್ಯೆ ಇನ್ನೂ ಒಂದು ಮೆಟ್ಟಿಲು ಕೆಳಗಿದೆ. 2015-16ರ ಕೃಷಿ ಗಣತಿಯಲ್ಲಿ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್ ಇತ್ತು. ಬಹುಪಾಲು ರೈತರಿಗೆ ಟ್ರ್ಯಾಕ್ಟರ್ ಅಂದರೆ ಬಾಡಿಗೆಯದು, ಪಕ್ಕದ ಊರಿನ ಮಾಲೀಕನದೋ, ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರದ್ದೋ. ಎಕರೆ ಲೆಕ್ಕದ ಬಾಡಿಗೆಯಾದರೆ ಮೇಲೆ ಮೇಲೆ ಕೆರೆದು ಬೇಗ ಮುಗಿಸಿದಷ್ಟೂ ಲಾಭ, ಡೀಸೆಲ್ಲೂ ಉಳಿತಾಯ. ವರ್ಷ ವರ್ಷ ಒಂದೇ ಆಳದಲ್ಲಿ ಉತ್ತರೆ ಕೆಳಗೆ ಗಟ್ಟಿ ಪದರ ಕಟ್ಟುತ್ತೆ, ಮಳೆ ನೀರು ಇಳಿಯಲ್ಲ, ಬೇರೂ ಇಳಿಯಲ್ಲ. ನಷ್ಟ ಹೊಲದವನದು, ಲಿವರ್ ಹಿಡಿದವನದ್ದಲ್ಲ. ಡ್ರೈವರನ್ನು ಬೈದು ಉಪಯೋಗ ಇಲ್ಲ, ಅವನೂ ದಿನಗೂಲಿಯವನೇ, ದಿನಕ್ಕೆ ಎಷ್ಟು ಎಕರೆ ಅಂತ ಮಾಲೀಕ ಲೆಕ್ಕ ಕೇಳ್ತಾನೆ. ಬಾಡಿಗೆ ಮಾತಾಡುವಾಗ ಎಕರೆಗೆ ಎಷ್ಟು, ಗಂಟೆಗೆ ಎಷ್ಟು ಅಂತ ಚೌಕಾಸಿ ಮಾಡ್ತೀವಿ, ಎಷ್ಟು ಆಳ ಅಂತ ಯಾರೂ ಮಾತಾಡಲ್ಲ. ಮುಂದಿನ ಸಲ ಊರಿಗೆ ಹೋದಾಗ ಟ್ರ್ಯಾಕ್ಟರ್ ಹೊಲಕ್ಕಿಳಿಯುವ ಮೊದಲು ಡ್ರೈವರ್ ಅಣ್ಣನ ಪಕ್ಕ ನಿಂತು, ಡ್ರಾಫ್ಟ್ ಲಿವರ್ ಯಾವುದು, ಅದನ್ನು ಯಾವ ಗುರುತಿಗೆ ಇಡ್ತೀಯಾ ಅಂತ ಕೇಳಿ.